ಏಳನೇ ಪುಟ ನೋಡಿ

ಕಲಬುರ್ಗಿ ಆಫೀಸಿನವರು ಫಾರ್ಮು ಕಳಸ್ಯಾರ
ಪೇಪರಿನ ಗಂಟಿನೊಳಗ ಮಡಚಿಟ್ಟು:
ನಿಮ್ಮ ಊರಾಗ ಓದೋರು ಯಾಕ ಕಡಿಮಿ ಆದರು?
ಕಾರಣಕ್ಕ ಗುರುತು ಹಾಕ್ರಿ.
ಶಿಕ್ಷಣ. ಆದಾಯ. ವಯಸ್ಸು. ಮೊಬೈಲು.
ನಾಕು ಚೌಕ, ಒಂದೊಂದು ತೊಗರಿ ಕಾಳಿನಷ್ಟು.

ದುಧನಿ ಟೇಸನ್ನಿನ ಕಲ್ಲಬೆಂಚಿನ ಮ್ಯಾಲ
ನಾ ಲಾಡ್ಲೇಸಾಬ, ಇಪ್ಪತ್ತಾರು ವರ್ಷದ ಏಜೆಂಟ,
ಪೆನ್ನಿನ ಟೊಪ್ಪಿಗಿ ಕಚಗೋತ ಕೂತೀನಿ.

ಮರಾಠಿ ಗಂಟು ಸೊಲ್ಲಾಪುರದಿಂದ ಐದೂವರಿಗೆ ಬರ್ತದ,
ಮೊದಲ ಚಹಾದ ಜೋಡಿ.
ಕನ್ನಡದ್ದು ಪ್ಯಾಸೆಂಜರಿಗೆ,
ಗಾಡಿ ಬಂದಾಗ ಬೆಳಗು.
ಹತ್ತಕ್ಕ ಬಂದ್ರ ಮಾಸ್ತರು ಸಾಲಿಗೆ ಹೋಗಿರ್ತಾರ,
ಹನ್ನೊಂದಕ್ಕ ಬಂದ್ರ ಸುದ್ದಿ ಬಾಡಿದ ಮೆಂತೆಪಲ್ಲೆ.
ಇದಕ್ಕ ಚೌಕ ಇಲ್ಲ.

ಅರವತ್ತೆರಡಿದ್ದವು ಪ್ರತಿ. ಈಗ ಇಪ್ಪತ್ಮೂರು.

ಅಡತಿ ರೇವಣಪ್ಪ ಸಾವಕಾರ್ರು ಒಂದು ತರಸ್ತಾರ,
ತೊಗರಿ ಧಾರಣಿ ಅಷ್ಟೇ ನೋಡಿ ಗಾದಿ ಕೆಳಗ ದೂಡ್ತಾರ.
ಆದಾಯ ಭಾಳ ಅದ.
ಓದು ಒಂದೂವರಿ ಇಂಚು.

ಬಿರಾದಾರ ಮಾಸ್ತರು, ಕೌಸರ್ ಟೀಚರು ಪಾಲಿನೊಳಗ ಒಂದು.
ಪದಬಂಧಕ್ಕ ಜಗಳಾಗಿ ಈಗ ತೀರ್ಮಾನ ಆಗ್ಯದ:
ಅಡ್ಡ ಸಾಲು ಅವರಿಗೆ, ಉದ್ದ ಸಾಲು ಇವರಿಗೆ.
ಕನ್ನಡ ಕಲಸೋ ಮಾಸ್ತರ ಮಗ ಮರಾಠಿ ಸಾಲಿಗೆ ಹೋಗ್ತಾನ,
ನೌಕರಿ ಅರ್ಜಿ ಆ ಭಾಷಾದಾಗ ಬರ್ತದಂತ.
ಅಪ್ಪನ ಪೇಪರಿನ್ಯಾಗ ಅವ
ಆಟದ ಪುಟದ ಅಂಕಿ ಅಷ್ಟೇ ಓದ್ತಾನ.

ಈರಪ್ಪನ ಕಟಿಂಗ್ ಅಂಗಡ್ಯಾಗ ಒಂದೇ ಪ್ರತಿ,
ನಾಕು ಹಾಳಿ ನಾಕು ಕೈಯಾಗ,
ಐತವಾರ ಅರವತ್ತು ಮಂದಿ.
ಪಾಳಿ ಬಂದವ ಅರ್ಧ ವಾಕ್ಯಕ್ಕ ಎದ್ದು
ಕುರ್ಚ್ಯಾಗ ಕೂತು ಕಣ್ಣು ಮುಚ್ತಾನ.
ಹೆಣ್ಮಕ್ಕಳು ಆ ಕಟ್ಟಿ ಏರೂದಿಲ್ಲ.

ಅಲ್ಲಿಂದ ರದ್ದಿ. ರದ್ದಿಯಿಂದ ಭಜಿ ಅಂಗಡಿ.
ಭಜಿ ಅಂಗಡಿಯಿಂದ ಸುಗಲಾಬಾಯಿ.

ದಾಲ್ ಮಿಲ್ಲಿನ ಚಹಾದ ಸೂಟಿಯೊಳಗ
ಮಿರ್ಚಿ ತಿಂದು, ಬೆರಳು ಸೆರಗಿಗೆ ಒರಸಿ,
ಹಾಳಿ ಬಿಸಲಿಗೆ ಹಿಡೀತಾಳ.
ಎಣ್ಣಿ ಹತ್ತಿದಲ್ಲಿ ಹಿಂದಿನ ಪುಟ ಮುಂದ ಕಾಣ್ತದ:
ಶ್ರದ್ಧಾಂಜಲಿಯ ಮುದುಕನ ಹಣಿಮ್ಯಾಲ
ಉಲ್ಟಾ ಬಿದ್ದ ಸ್ಕೂಟರಿನ ಜಾಹೀರಾತು.
ನಾಕನೇ ಇಯತ್ತೆ ಕಲತಾಕಿ. ಜೋರಾಗಿ ಓದ್ತಾಳ,
ಆರು ಮಂದಿ ಕೇಳ್ತಾರ, ರೆಪ್ಪಿ ಮ್ಯಾಲ ಬ್ಯಾಳಿ ಹೊಟ್ಟು.

ಹೋದ ಗುರುವಾರ ಟೇಸನ್ನಿಗೇ ಬಂದಳು,
ಹಾಳಿ ಮುಷ್ಟ್ಯಾಗ.
"ಅಣ್ಣಾ, ಎಲ್ಲ್ಯೋ ಮಿಲ್ಲಿನ ಹೆಣ್ಮಕ್ಕಳು
ಬಾಕಿ ಪಗಾರಕ್ಕ ಕೋರ್ಟಿಗೆ ಹೋಗ್ಯಾರಂತ.
ಜಡ್ಜ್ ಏನಂದ್ರು ಅನ್ನೋದ್ರಾಗ
'ಏಳನೇ ಪುಟ ನೋಡಿ' ಅಂತ ಬರದಾರ.
ಏಳನೇ ಪುಟ ನಾ ಎಲ್ಲಿ ನೋಡ್ಲಿ?"

ಭಜಿಯವನ ಕಡಿ ಅದು ಯಾರದೋ ಹೊಟ್ಟಿಗೆ ದಾರಿ ತೋರಿಸಿ ಆಗಿತ್ತು.
ಸಾವಕಾರ್ರ ಗಾದಿ ನೆನಪಾತು.
ಎತ್ತಿದ್ರ ಮೂರು ವರ್ಷದ ಪೇಪರು,
ಇಸ್ತ್ರಿ ಮಾಡಿದ ಹಂಗ.
ಆ ತಾರೀಖಿನದು ಎಳದೆ. ಏಳನೇ ಪುಟ.
ಎರಡೇ ಸಾಲು:
ವಿಚಾರಣೆ ಹದಿನೆಂಟನೇ ತಾರೀಖಿಗೆ ಮುಂದಕ್ಕ ಹಾಕ್ಯಾರ.

ಸುಗಲಾಬಾಯಿ ನಗಲಿಲ್ಲ, ಬೈಯಲಿಲ್ಲ.
ಬೆರಳ ಮ್ಯಾಲ ಎಣಿಸಿದಳು.
ಮರುದಿನ ಬಂದು ಸೆರಗಿನ ಗಂಟು ಬಿಚ್ಚಿ
ಏಳು ನಾಣ್ಯ ನನ್ನ ಅಂಗೈಯಾಗ ಸುರುವಿದಳು,
ಒಬ್ಬೊಬ್ಬಾಕಿದು ಒಂದೊಂದು.
"ಹತ್ತೊಂಬತ್ತನೇ ತಾರೀಖಿನ ಪೇಪರು ನಮ್ದು.
ಪೂರ್ತಿ ಬೇಕು. ಎಣ್ಣಿ ಹತ್ತಿರಬಾರದು."
ಆರು ರೂಪಾಯಿ ಬೆಲಿ, ಒಂದು ವಾಪಸ್ ಕೊಡಾಕ ಹೋದೆ.
"ಇಟ್ಕೋ. ಗಾಡಿ ಲೇಟಾದ್ರ ಮಿಲ್ಲಿನ ಗೇಟಿಗೆ ತಂದ್ಕೊಡು."

ಸಿಗ್ನಲ್ ಬಿದ್ದದ. ಗಾಡಿ ಕಂಡಿಲ್ಲ ಇನ್ನಾ.
ಫಾರ್ಮಿನ ನಾಕೂ ಚೌಕ ಖಾಲಿ ಬಿಟ್ಟೆ.
ಹಿಂದ ತಿರುವಿ ಬರದೆ:
ಹತ್ತೊಂಬತ್ತಕ್ಕ ಒಂದು ಪ್ರತಿ ಹೆಚ್ಚಿಗಿ ಕಳಸ್ರಿ.
ಏಳನೇ ಪುಟ ಹರದಿರಬಾರದು.